ಬೀಗರ ಪುಸ್ತಕಗಳು

ನಾಲ್ಕು ತಿಂಗಳು ಜಪಾನನ್ನು ಹುಡುಕುತ್ತ ನಮ್ಮ ಜಿಲ್ಲೆಯ ಕಾಲೇಜು ಲೈಬ್ರರಿಗಳನ್ನು ಸುತ್ತಿದ್ದೇನೆ. ಹೇಸಿಗೆ ಅಂದರೇನು ಎಂದು ಯಾರಾದರೂ ಕೇಳಿದರೆ ಈಗ ಒಂದು ತಾಸು ನಿಂತು ಪಾಠ ಹೇಳಬಲ್ಲೆ, ಟಿಪ್ಪಣಿ ಬೇಕಾಗಿಲ್ಲ.

ಇದು ೧೯೮೬ರ ಮಾತು. ನವಲಗುಂದ ತಾಲೂಕಿನ ಒಂದು ಖಾಸಗಿ ಕಾಲೇಜಿನಲ್ಲಿ ನಾನು ಇತಿಹಾಸದ ಉಪನ್ಯಾಸಕಿ. ಹಾಜರಿ ಪುಸ್ತಕದಲ್ಲಿ ಶಿವಗಂಗಾ, ಮನೆಯಲ್ಲಿ ಶಿವಗಂಗವ್ವ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಎಂ.ಫಿಲ್. ಮುಗಿದರೆ ಜೂನಿನಲ್ಲಿ ಕಾಯಂ, ಇಲ್ಲದಿದ್ದರೆ ಮನೆಗೆ. ಪ್ರಬಂಧ ಸಲ್ಲಿಸಲು ಮಾರ್ಚ್ ಮೂವತ್ತೊಂದು ಕೊನೆಯ ದಿನ. ಅವಧಿಯನ್ನು ಎರಡು ಸಲ ವಿಸ್ತರಿಸಿಕೊಂಡಾಗಿತ್ತು, ಮೂರನೆಯ ಸಲ ಕೊಡುವುದಿಲ್ಲವೆಂದು ವಿಶ್ವವಿದ್ಯಾಲಯ ಬರೆದು ತಿಳಿಸಿತ್ತು.

ವಿಷಯ, ಜಪಾನಿನ ರೈತರು ಬರೆದ ಅರ್ಜಿಗಳು. ಕೇಳಿದವರೆಲ್ಲ ನಗುತ್ತಿದ್ದರು. 'ಯಾಕವಾ, ಇಲ್ಲೀ ರೈತರು ಬರಿಯೂದ ಬಿಟ್ಟಾರೇನು?' ಎಂದು ಸ್ಟಾಫ್ ರೂಮಿನಲ್ಲಿ ಚಾಷ್ಟಿ ಮಾಡುತ್ತಿದ್ದರು. ನಾನು ಕಾರಣ ಹೇಳುತ್ತಿರಲಿಲ್ಲ. ಎಂಬತ್ತರ ಇಸ್ವಿಯ ರೈತರ ಗಲಾಟೆಯ ಹೊತ್ತಿಗೆ ನಮ್ಮೂರವರು ಕಾಲುವೆಯ ಕರ ಬೇಡವೆಂದು ಒಂದು ಅರ್ಜಿ ಬರೆದಿದ್ದರು. ನಾಲ್ಕಕ್ಷರ ಬಲ್ಲವನೆಂದು ನಮ್ಮ ಈರಬಸಪ್ಪ ಕಾಕಾ ಮೊದಲ ಸಹಿ ಹಾಕಿದ. ಪೊಲೀಸರು ಕಾಗದ ಹಿಡಿದುಕೊಂಡು ಸೀದಾ ಮೊದಲ ಹೆಸರಿನ ಮನೆಗೆ ಬಂದರು. ಉಳಿದ ಅರವತ್ತು ಹೆಸರು ಅವರ ಕಣ್ಣಿಗೇ ಬೀಳಲಿಲ್ಲ. ಹನ್ನೊಂದು ದಿನ ಒಳಗಿದ್ದು ಬಂದ ಕಾಕಾ ಆಮೇಲೆ ಯಾವ ಕಾಗದಕ್ಕೂ ಸಹಿ ಹಾಕಲಿಲ್ಲ. ರೇಶನ್ ಕಾರ್ಡಿಗೂ ಹೆಬ್ಬೆಟ್ಟು ಒತ್ತುತ್ತಿದ್ದ.

ಎಂ.ಎ. ಓದುವಾಗ ಪೂರ್ವ ಏಷ್ಯಾದ ಇತಿಹಾಸ ಒಂದು ಪತ್ರಿಕೆಯಾಗಿತ್ತು. ಅದರಲ್ಲಿ ಒಂದು ಕಡೆ ಎರಡು ಸಾಲು ಕಂಡೆ. ಜಪಾನಿನ ರೈತರು ಇಂಥ ಅರ್ಜಿಗಳಿಗೆ ದುಂಡಗೆ ಸಹಿ ಹಾಕುತ್ತಿದ್ದರಂತೆ, ಗಾಡಿಯ ಗಾಲಿಗೆ ಅರ ಕೂಡಿಸಿದ ಹಾಗೆ. ಸುತ್ತಿನಲ್ಲಿ ಮೊದಲ ಹೆಸರೂ ಇಲ್ಲ, ಕೊನೆಯ ಹೆಸರೂ ಇಲ್ಲ. ಹಿಡಿಯಲು ಬಂದವನಿಗೆ ಯಾರ ಮನೆಗೆ ಮೊದಲು ಹೋಗಬೇಕೆಂದು ತಿಳಿಯಬಾರದು. ಓದಿ ನನ್ನ ಮೈ ಝುಮ್ಮೆಂದಿತು. ಇಷ್ಟು ಸಣ್ಣ ಉಪಾಯ ನಮ್ಮವರಿಗೆ ಯಾಕೆ ಹೊಳೆಯಲಿಲ್ಲ ಎಂದು ಅಳುವೂ ಬಂತು.

ಅಂಥ ಒಂದು ಅರ್ಜಿಯ ಪೂರ್ತಿ ಪಾಠ ಒಂದು ಇಂಗ್ಲಿಷ್ ದಾಖಲೆ ಸಂಗ್ರಹದಲ್ಲಿದೆ ಎಂದು ಅಡಿಟಿಪ್ಪಣಿ ಹೇಳುತ್ತಿತ್ತು. ಜಪಾನಿನಲ್ಲಿದ್ದ ಒಬ್ಬ ಪಾದ್ರಿ ಅನುವಾದ ಮಾಡಿ ಲಂಡನ್ನಿನಲ್ಲಿ ಅಚ್ಚು ಹಾಕಿಸಿದ ಮೂರು ಸಂಪುಟ. ಹೆಸರುಗಳನ್ನೂ ಇಂಗ್ಲಿಷ್ ಅಕ್ಷರದಲ್ಲಿ, ಅದೇ ಸುತ್ತಿನಲ್ಲಿ ಮುದ್ರಿಸಿದ್ದಾನಂತೆ. ನನಗೆ ಬೇಕಾದದ್ದು ಎರಡನೆಯ ಸಂಪುಟದ ಐವತ್ತೊಂದನೆಯ ಪುಟ.

ಬೇಕೆಂದವರು ನನ್ನ ಗೈಡ್ ಸಾಹೇಬರು. ದೊಡ್ಡ ಹೆಸರಿನವರು, ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾನು ಬರೆದು ಒಯ್ದ ಪ್ರತಿ ಅಧ್ಯಾಯದ ಮೇಲೂ ಅವರು ಹಸಿರು ಶಾಯಿಯಲ್ಲಿ ಒಂದೇ ಮಾತು ಗೀಚುತ್ತಿದ್ದರು. ಮೂಲ ಆಕರ ಎಲ್ಲಿ?

"ಮೂಲ ದಾಖಲಿ ಯಾರೋ ನೋಡಿ ಬರದಾರ, ಅವರದನ್ನ ಇನ್ನೊಬ್ರು ನೋಡಿ ಬರದಾರ, ಅದನ್ನ ನೀ ನೋಡಿ ಬರದೀ. ಇದು ಎಂಜಲ" ಎಂದರು ಕೊನೆಯ ಸಲ. "ಆ ಪುಟ ಕಣ್ಣಾರೆ ನೋಡು. ಹೆಸರು ಒಂದೊಂದ ಎಣಿಸಿ ಬರಕೊಂಡು ಬಾ. ಆಮ್ಯಾಲೆ ನನ್ನ ಸಹಿ ಕೇಳು."

ಎಂಜಲು ಎಂದರೆ ಮುಖ ಕಿವಿಚದವರು ಯಾರಿದ್ದಾರೆ? ತಲೆ ತಗ್ಗಿಸಿ ಎದ್ದು ಬಂದೆ. ಅವರ ಮಾತು ಖರೆ ಇತ್ತು, ಅದಕ್ಕೇ ನನಗೆ ಹೆಚ್ಚು ಸಿಟ್ಟು.

ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಆ ಪುಸ್ತಕ ಇರಲಿಲ್ಲ. ಆದರೆ ಅಲ್ಲಿ ಒಂದು ಸೈಕ್ಲೋಸ್ಟೈಲ್ ಪಟ್ಟಿ ಸಿಕ್ಕಿತು. ತಮ್ಮಲ್ಲಿ ಯಾವ ಪುಸ್ತಕಗಳಿವೆಯೆಂದು ಕಾಲೇಜುಗಳೇ ಬರೆದುಕೊಟ್ಟ ಪಟ್ಟಿ. ನನ್ನ ಮೂರು ಸಂಪುಟಗಳ ಎದುರಿಗೆ ಆರು ಕಾಲೇಜುಗಳ ಹೆಸರು! ಲಂಡನ್ನಿನಲ್ಲಿ ಈಗ ಸಿಗುತ್ತದೋ ಇಲ್ಲವೋ, ನಮ್ಮ ಹಳ್ಳಿಗಾಡಿನಲ್ಲಿ ಆರು ಪ್ರತಿ ಇವೆ. ಆರನೆಯ ಹೆಸರು ನಮ್ಮ ಕಾಲೇಜಿನದೇ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಂತಾಯಿತಲ್ಲ ಎಂದು ನಗುತ್ತ ಬಸ್ಸು ಹತ್ತಿದೆ.

ನಮ್ಮ ಲೈಬ್ರರಿ ಎಂದರೆ ಎರಡು ಕಪಾಟು ಮತ್ತು ಬಾಬಾಸಾಬ. ಒಂದು ಕಪಾಟಿನಲ್ಲಿ ಪರೀಕ್ಷೆಯ ಗೈಡುಗಳು, ಇನ್ನೊಂದರಲ್ಲಿ ಕಬಡ್ಡಿಯಲ್ಲಿ ಗೆದ್ದ ಕಪ್ಪುಗಳು ಮತ್ತು ಚೇರಮನ್ನರ ತಂದೆಯ ಫೋಟೋ. ಬಾಬಾಸಾಬ ಲೈಬ್ರರಿಯ ಸಿಪಾಯಿ. ಲೈಬ್ರರಿಯನ್ ಹುದ್ದೆ ಆರು ವರ್ಷದಿಂದ ಖಾಲಿಯಿದ್ದುದರಿಂದ ಲೈಬ್ರರಿಯನ್ ಕೂಡ ಅವನೇ.

"ಐತಲ್ರೀ ಮೇಡಂ" ಎಂದು ದಪ್ಪನೆಯ ರಜಿಸ್ಟರ್ ತೆಗೆದು ತೋರಿಸಿದ. ಮೂರು ಸಂಪುಟ, ಮೂರು ಸಾಲು, ಮುತ್ತಿನಂಥ ಅಕ್ಷರ.

"ಪುಸ್ತಕ ಎಲ್ಲದಾವು?"

"ಅವು ಬೀಗರ ಪುಸ್ತಕರೀ. ಈಗ ಇಲ್ಲಿಲ್ಲ."

ನಮ್ಮ ಚೇರಮನ್ನರು ಮಗಳನ್ನು ಕುಂದಗೋಳದ ಕಡೆ ಕೊಟ್ಟಿದ್ದರು. ಆ ಬೀಗರದ್ದೂ ಒಂದು ಕಾಲೇಜಿತ್ತು, ಅದರ ಹೆಸರೂ ಪಟ್ಟಿಯಲ್ಲಿತ್ತು. ಸರಿ, ಚೇರಮನ್ನರ ಬೀಗರು ನಮ್ಮ ಪುಸ್ತಕ ಓದಲು ಒಯ್ದಿದ್ದಾರೆ ಎಂದುಕೊಂಡೆ. ಬೀಗರು ಓದುವ ಮಂದಿ ಎಂದು ಒಂದು ಕ್ಷಣ ಹೆಮ್ಮೆಯೂ ಆಯಿತು. ನನ್ನಂಥ ಹುಚ್ಚಿ ಇನ್ನೊಬ್ಬಳಿಲ್ಲ.

ರವಿವಾರ ಬಿಟ್ಟು ಸೋಮವಾರ ರಜೆ ಹಾಕಿ ಹೋದೆ. ಅವರ ಲೈಬ್ರರಿಯ ಬಾಗಿಲು ತೆಗೆಯುತ್ತಲೇ ಸೀನು ಹತ್ತಿತು. ನೆಲದ ತುಂಬ ಮೆಣಸಿನಕಾಯಿ ಹರವಿದ್ದರು, ಪ್ರಾಚಾರ್ಯರ ಹೊಲದ್ದು. ಗೋಡೆಗೆ ಆತಿದ್ದ ರ್‍ಯಾಕುಗಳಲ್ಲಿ ಚೀಲ, ತೂಕದ ಕಲ್ಲು, ಒಂದು ಮುರುಕು ಗ್ಲೋಬು. ಗ್ಲೋಬಿನಲ್ಲಿ ಜಪಾನಿದ್ದ ಜಾಗದಲ್ಲಿ ಇಲಿ ಕಡಿದ ತೂತು. ಹೊಲಸು ನಾತ, ಕಣ್ಣಲ್ಲಿ ನೀರು.

"ಪ್ರೈಮರಿ ಸೋರ್ಸ್ ಬೇಕಾಗಿತ್ರಿ" ಎಂದೆ ಪ್ರಾಚಾರ್ಯರಿಗೆ.

"ಪ್ರೈಮರಿದು ನಮ್ಮಲ್ಲೆಲ್ಲಿಂದ ಬರಬೇಕ್ರಿ? ಇದು ಕಾಲೇಜು. ಪ್ರೈಮರಿ ಸಾಲಿ ಅಗಸಿ ಬಾಜೂಕ ಐತಿ."

"ಅಲ್ರಿ, ಜಪಾನದ ಪುಸ್ತಕ. ನಮ್ಮ ಬೀಗರ ಮನ್ಯಾಗ ಅದಾವ ಅಂತ ನಮ್ಮ ಬಾಬಾಸಾಬ ಹೇಳಿದ."

ಅವರ ಮುಖ ಕೆಂಪಾಯಿತು. "ನೋಡ್ರಿ ಬಾಯಾರ, ಬೀಗರ ಮನ್ಯಾಗಿನ ಸಾಮಾನ ಹೊತಗೊಂಡು ಬರೂ ಮಂದಿ ಅಲ್ಲ ನಾವು. ಹೋಗಿ ಹೇಳ್ರಿ ನಿಮ್ಮ ಚೇರಮನ್ನರಿಗೆ!"

ಆದರೂ ರಜಿಸ್ಟರ್ ತೋರಿಸಿದರು. ಮೂರು ಸಂಪುಟ, ಮೂರು ಸಾಲು. ಪುಸ್ತಕ ಬೈಂಡಿಂಗಿಗೆ ಹೋಗಿದೆಯಂತೆ. ಯಾವಾಗ ಬರುತ್ತದೆ ಎಂದರೆ ಹೋದವನೇ ಬಂದಿಲ್ಲ ಎಂದರು.

ಮುಂದಿನ ವಾರ ಅಣ್ಣಿಗೇರಿಯ ಆಚೆಗಿನ ಒಂದು ಕಾಲೇಜು. ಅಲ್ಲಿ ಲೈಬ್ರರಿಯೆಂಬ ಬೋರ್ಡಿನ ಕೆಳಗೆ ಇಬ್ಬರು ಉಪನ್ಯಾಸಕರು ಇಸ್ಪೀಟು ಆಡುತ್ತಿದ್ದರು, ಎಲೆ ಅಡಿಕೆ ತಿಂದು ಕಪಾಟಿನ ಮೂಲೆಗೇ ಉಗುಳುತ್ತಿದ್ದರು. ಕಪಾಟಿನ ಕೆಳಗಿನ ಎರಡು ಸಾಲು ಪುಸ್ತಕಗಳ ಬೆನ್ನು ಕೆಂಪಗೆ ಒಣಗಿತ್ತು. ವಿದ್ಯಾರ್ಥಿಗಳು ಆ ಪುಸ್ತಕ ಮುಟ್ಟುತ್ತಾರೆಯೇ ಎಂದು ಕೇಳಿದೆ. 'ಯಾಕ ಮುಟ್ಟಬೇಕ್ರಿ?' ಎಂದ ಒಬ್ಬ, ಇಸ್ಪೀಟಿನ ಎಲೆ ಇಳಿಸುತ್ತ. ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೇ ರಜಿಸ್ಟರ್ ನೋಡಿದೆ. ಮೂರು ಸಂಪುಟ, ಮೂರು ಸಾಲು.

ಆಮೇಲೆ ರಜೆ ಸಿಕ್ಕಾಗಲೆಲ್ಲ ಇನ್ನೆರಡು ಕಾಲೇಜು, ಅಲ್ಲಿಯೂ ಮೂರು ಸಾಲು ಮಾತ್ರ. ಕೊನೆಗೆ ಕಲಘಟಗಿ ದಾಟಿ ತಂಬೂರಿನ ದಾರಿಗಿದ್ದ ಕಾಲೇಜು. ಅಂದು ಅಲ್ಲಿ ಯಾರೂ ಇರಲಿಲ್ಲ, ಕಸ ಹೊಡೆಯುವ ರೇಣುಕವ್ವ ಒಬ್ಬಳೇ. ಅರವತ್ತು ದಾಟಿದ ಹೆಂಗಸು. ನಾನು ಬಾಗಿಲ ಮುಂದಿನ ಪಾವಟಿಗೆಯ ಮೇಲೆ ಕುಸಿದು ಕೂತದ್ದನ್ನು ನೋಡಿ ನೀರು ತಂದುಕೊಟ್ಟಳು. ಯಾವ ಪುಸ್ತಕ ಎಂದು ಕೇಳಿದಳು. ಕೆಂಪು ರಟ್ಟು, ದಪ್ಪ, ಇಂಗ್ಲಿಷು, ಮೂರು ಎಂದೆ.

"ಓ, ಅವು! ಬೀಗರು!" ಎಂದಳು.

"ಯಾರ ಬೀಗರಬೇ?"

"ಯಾರ ಬೀಗರಲ್ಲ ತಂಗಿ, ಪುಸ್ತಕಕ್ಕ ಬೀಗರು ಅಂತೀವಿ. ಯೂನಿವರ್ಸಿಟಿ ಕಮಿಟಿಯವ್ರು ಬರೂ ಹಿಂದಿನ ದಿನಾ ಟೆಂಪೋದಾಗ ಬರ್ತಾವ, ನಾಕೈದ ಸಾವಿರ. ಅವಕ್ಕ ರ್‍ಯಾಕ್ ವರಸಿ, ಹೊಸಾ ಕಾಗದಾ ಹಾಸಿ ಕೂಡಸ್ತೀವಿ. ಮೂರ ದಿನಾ ಅಗದಿ ಮರ್ಯಾದಿ. ಕಮಿಟಿ ಹೋತಂದ್ರ ಮತ್ತ ಚೀಲದಾಗ ತುಂಬಿ ಅಳ್ನಾವರದ ಗೋದಾಮಿಗೆ. ಆರತಿ ಮಾಡೂದೊಂದ ಬಾಕಿ ನೋಡು." ನಕ್ಕಳು. ಮತ್ತೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. "ಯಾಕ ಅಳ್ತೀ? ನೀ ನವಲಗುಂದದ ಕಡೀಯಾಕಿ ಅಂದೆಲ್ಲ, ಮುಂದಿನ ವಾರ ನಿಮ್ಮಲ್ಲೇ ಹೊಂಟಾವಂತ. ಡ್ರೈವರ ಅಂತಿದ್ದ."

ಆರು ಕಾಲೇಜಿನಲ್ಲಿ ಆರು ಪ್ರತಿ ಇರಲಿಲ್ಲ. ಒಂದೇ ಪ್ರತಿ ಆರು ಕಡೆ ಉಂಡು ಎದ್ದು ಹೋಗುತ್ತಿತ್ತು. ನಾನು ಅದರ ಹಿಂದೆ ಬಸ್ಸಿನ ಮೇಲೆ ಬಸ್ಸು ಹಿಡಿದು, ಅದು ಬಿಟ್ಟುಹೋದ ಎಲೆಗಳನ್ನು ನೋಡುತ್ತ ಬಂದಿದ್ದೆ.

ಮರುದಿನ ನಮ್ಮ ಪ್ರಾಚಾರ್ಯ ಶಂಭುಲಿಂಗಪ್ಪನವರ ಕೋಣೆಗೆ ನುಗ್ಗಿದೆ. ಬಾಯಿಗೆ ಬಂದದ್ದೆಲ್ಲ ಅಂದೆ. ಇದು ಕಾಲೇಜಲ್ಲ, ನಾಟಕ ಕಂಪನಿ ಅಂದೆ. ಅವರು ಕನ್ನಡಕ ಒರೆಸುತ್ತ ಪೂರ್ತಿ ಕೇಳಿದರು.

"ಮುಗೀತೇನ್ರಿ? ಈಗ ನಾ ಹೇಳತೇನಿ ಕೇಳ್ರಿ. ಐದ ಸಾವಿರ ಪುಸ್ತಕ ಇಲ್ಲಂದ್ರ ಮಾನ್ಯತಾ ಹೋಗತೈತಿ. ಮಾನ್ಯತಾ ಹೋದ್ರ ಕಾಲೇಜ ಬಂದ. ನಿಮ್ಮ ಕ್ಲಾಸಿನ್ಯಾಗ ಎಪ್ಪತ್ತ ಹುಡಿಗ್ಯಾರ ಅದಾರ. ಅವರನ್ನ ಹುಬ್ಬಳ್ಳಿಗೆ ಕಳಸ್ತಾರೇನ್ರಿ ಅವರಪ್ಪಗೋಳು? ಮುಂದಿನ ತಿಂಗಳ ಲಗ್ನಾ ಮಾಡಿ ಕೈ ತೊಳಕೋತಾರ. ಹೇಳ್ರಿ, ಪುಸ್ತಕ ಬೇಕೋ ಹುಡಿಗ್ಯಾರ ಬೇಕೋ?"

ಉತ್ತರ ನನ್ನ ನಾಲಿಗೆಯ ಮೇಲಿತ್ತು. ಪುಸ್ತಕ ಕೊಳ್ಳಲು ಬಂದ ಹಣದಲ್ಲಿ ಚೇರಮನ್ನರ ಟ್ರ್ಯಾಕ್ಟರ್ ಬಂದದ್ದು ಊರಿಗೇ ಗೊತ್ತು. ಆದರೆ ನಾನು ಆ ಮಾತು ಆಡಲಿಲ್ಲ. ಮುಂದಿನ ವಾರ ಎರಡನೆಯ ಸಂಪುಟ ನಮ್ಮ ರ್‍ಯಾಕಿನ ಮೇಲೆ ಬಂದು ಕೂಡುತ್ತದೆ ಎನ್ನುವುದೊಂದೇ ತಲೆಯಲ್ಲಿ ಸುತ್ತುತ್ತಿತ್ತು.

"ಇತಿಹಾಸದ ರ್‍ಯಾಕು ನಾ ಹಚ್ಚತೇನ್ರಿ ಸರ್" ಎಂದೆ.

"ಹಂಗ ಬರ್ರಿ ದಾರೀಗೆ" ಎಂದರು. ನಾಚಿಕೆಯಾಯಿತು, ಆದರೆ ಹಿಂದೆ ಸರಿಯಲಿಲ್ಲ.

ಕಮಿಟಿ ಬರುವ ದಿನ ಏಳು ಗಂಟೆಗೇ ಹೋದೆ. ಹಿಂದಿನ ದಿನ ಕ್ಲಾಸ್ ರೂಮಾಗಿದ್ದ ಕೋಣೆ ಅಂದು ಲೈಬ್ರರಿಯಾಗಿತ್ತು. ನಾಲ್ಕೂ ಗೋಡೆಗೆ ರ್‍ಯಾಕು, ರ್‍ಯಾಕಿನ ತುಂಬ ಪುಸ್ತಕ. ಒಂದು ಕ್ಷಣ ನನಗೂ ಸಂತೋಷವಾಯಿತು. ಹತ್ತಿರ ಹೋಗಿ ತೆಗೆದರೆ ಗೋಣಿಚೀಲದ ನುಸಿವಾಸನೆ. ಎಷ್ಟೋ ಪುಸ್ತಕಗಳ ಹಾಳೆಗಳನ್ನು ಇನ್ನೂ ಕತ್ತರಿಸಿಯೇ ಇರಲಿಲ್ಲ, ಮಡಿಕೆ ಹಾಗೇ ಇದ್ದವು. ಐದಾರು ಮದುವೆ ಉಂಡು ಬಂದ ಪುಸ್ತಕಗಳನ್ನು ಒಬ್ಬನೂ ಓದಿರಲಿಲ್ಲ.

ನನ್ನ ಕೆಂಪು ರಟ್ಟಿನ ಮೂರು ಸಂಪುಟಗಳು ಕೃಷಿ ಪುಸ್ತಕಗಳ ನಡುವೆ ಸಿಕ್ಕವು. ಎರಡನೆಯ ಸಂಪುಟ ತೆಗೆದು ಐವತ್ತೊಂದನೆಯ ಪುಟ ಬಿಚ್ಚಿದೆ. ಮೇಲೆ ಅರ್ಜಿಯ ನಾಲ್ಕು ಸಾಲು. ಅದರ ಕೆಳಗೆ, ಪುಟದ ಸರಿ ನಡುವೆ, ಅಂಗೈಯಗಲದ ಚೌಕ ಚೀಟಿ. ನಮ್ಮ ಕಾಲೇಜಿನ ಹೆಸರು, ನಂಬರು, ನೇರಳೆ ಶಾಯಿಯ ಶಿಕ್ಕಾ. ಅಂಟು ಇನ್ನೂ ಹಸಿಯಾಗಿತ್ತು.

"ಬಾಬಾಸಾಬ! ಇದನ್ನ ಇಲ್ಲಿ ಯಾಕ ಹಚ್ಚೀದಿ?" ಎಂದು ಚೀರಿದೆ.

ಅವನು ಗಾಬರಿಯಾಗಿ ಓಡಿಬಂದ. "ಗುಪ್ತ ಪುಟರೀ ಮೇಡಂ. ಕದ್ದ ಪುಸ್ತಕ ಸಿಕ್ರ ಗುರ್ತ ಹಿಡೀಲಿಕ್ಕೆ ಒಳಗೊಂದ ಪುಟದಾಗ ಶಿಕ್ಕಾ ಇರಬೇಕಂತ ಕಾಯ್ದೆ ಐತಲ್ರೀ. ಪುಸ್ತಕದ ಮ್ಯಾಲೆ ಹೊಡದ್ರ ಅಳಸಾಕ ಬರೂದಿಲ್ಲ, ಅದಕ್ಕ ಚೀಟಿ ಮ್ಯಾಲೆ ಹೊಡದ ಅಂಟಸ್ತೀವಿ. ಹಿಂದಿನವರ ಚೀಟಿ ಮ್ಯಾಲೆ ನಮ್ಮ ಚೀಟಿ."

"ಐವತ್ತೊಂದ ಯಾಕ?"

"ಶುಭ ಅಲ್ರೀ! ಐವತ್ತಕ್ಕ ಸೊನ್ನಿ ಬರತೈತಿ. ಮುಯ್ಯಿ ಐವತ್ತೊಂದ, ಪಟ್ಟಿ ಐವತ್ತೊಂದ. ಎಲ್ಲಾ ಕಾಲೇಜಿನವ್ರೂ ಇದನ್ನ ಹಿಡದಾರ್ರಿ."

ನಗಬೇಕೋ ಅವನ ಕಪಾಳಕ್ಕೆ ಹೊಡೆಯಬೇಕೋ ತಿಳಿಯಲಿಲ್ಲ. ಐನೂರು ಪುಟದ ಸಂಪುಟದಲ್ಲಿ ನನ್ನ ಒಂದು ಪುಟದ ಮೇಲೆ ಆರು ಕಾಲೇಜುಗಳ ಮಂಗಲ ಬಿದ್ದಿತ್ತು. ಬಾಬಾಸಾಬನ ತಪ್ಪಿಲ್ಲ, ಹೇಳಿದ್ದು ಮಾಡಿದ್ದ. ಒಂದು ಬಟ್ಟಲು ಬೆಚ್ಚಗಿನ ನೀರು ಮತ್ತು ಒಂದು ಬಿಳಿ ಅರಿವೆ ತಾ ಎಂದೆ.

ಹನ್ನೊಂದು ಗಂಟೆಗೆ ಕಮಿಟಿಯ ಕಾರು ಬಂತು. ಕಿಟಕಿಯಿಂದ ನೋಡಿದೆ. ಹಾರ ಹಾಕಿಸಿಕೊಳ್ಳುತ್ತಿದ್ದ ಅಧ್ಯಕ್ಷರು ನನ್ನ ಗೈಡ್ ಸಾಹೇಬರು.

ಅವರು ಪ್ರಾಚಾರ್ಯರ ಕೋಣೆಯಲ್ಲಿ ಕೂತರು, ಭಾಷಣ ಮಾಡಿದರು, ಊಟಕ್ಕೆ ಎದ್ದರು. ನಾನು ರ್‍ಯಾಕುಗಳ ಹಿಂದೆ ಒಂದು ಟೇಬಲ್ ಎಳೆದುಕೊಂಡು, ಒದ್ದೆ ಅರಿವೆ ಒತ್ತಿ, ಉಗುರಿನಿಂದ ಚೀಟಿ ಬಿಡಿಸುತ್ತ ಕೂತೆ. ನಮ್ಮ ಚೀಟಿ ಸಲೀಸಾಗಿ ಬಂತು. ಅದರ ಕೆಳಗೆ ತಂಬೂರಿನ ದಾರಿಯ ಕಾಲೇಜು. ಅದರ ಕೆಳಗೆ ಅಣ್ಣಿಗೇರಿಯ ಕಡೆಯದು. ಪ್ರತಿ ಚೀಟಿಯ ಮೂಲೆಯಲ್ಲಿ ತಾರೀಖು, 'ಪರಿಶೀಲಿಸಿದೆ' ಎಂದು ಒಂದು ಗಿಜಿಬಿಜಿ ಸಹಿ. ಮೂರನೆಯ ಚೀಟಿ ಬಂದಾಗ ಆ ಸಹಿಯನ್ನು ಸರಿಯಾಗಿ ನೋಡಿದೆ. ಹಸಿರು ಶಾಯಿ. ಈ ಕೈಯ ಬರಹವನ್ನು ನನ್ನ ನಾಲ್ಕು ಅಧ್ಯಾಯಗಳ ಮೇಲೆ ಓದಿ ಓದಿ ನನಗೆ ಬಾಯಿಪಾಠವಾಗಿತ್ತು.

ನಮ್ಮ ಚೀಟಿಗೆ ಇನ್ನೂ ಸಹಿ ಬೀಳುವುದಿತ್ತು. ಉಳಿದ ಐದರಲ್ಲಿ ನಾಲ್ಕು ಅವರದು. ಐದು ವರ್ಷದಲ್ಲಿ ಇದೇ ಪುಸ್ತಕದ ಇದೇ ಪುಟವನ್ನು ಅವರು ನಾಲ್ಕು ಸಲ ತೆರೆದಿದ್ದರು, ನಾಲ್ಕು ಕಾಲೇಜಿನಲ್ಲಿ. ನನಗೆ ಕಣ್ಣಾರೆ ನೋಡಿ ಬಾ ಎಂದು ಕಳಿಸಿದ ಪುಟ. ಚೀಟಿ ನೋಡಿದರು, ಸಹಿ ಹಾಕಿದರು, ಅದರ ಕೆಳಗೆ ಏನಿದೆ ಎಂದು ಒಂದು ಸಲವೂ ನೋಡಲಿಲ್ಲ.

ಕೊನೆಯ ಚೀಟಿ ಮಾತ್ರ ಬರಲೊಲ್ಲದು. ಅದನ್ನು ಯಾರೋ ಮರ ಕೂಡಿಸುವ ಬಡಿಗರ ಸರಸಿನಿಂದ ಅಂಟಿಸಿದ್ದರು. ನೀರು ಒತ್ತಿದೆ, ಕಾದೆ, ಮತ್ತೆ ಒತ್ತಿದೆ. ಒಂದು ಮೂಲೆಯಿಂದ ಎತ್ತಿದೆ. ಬಂತು, ಬರುವಾಗ ಕಾಗದದ ಮೇಲ್ಪದರವನ್ನೂ ಸುಲಿದುಕೊಂಡೇ ಬಂತು. ಪುಟದ ನಡುವೆ ಬಿಳಿಯ ಬೋಳು ಉಳಿಯಿತು. ಸುತ್ತಿನ ಅಂಚಿನಲ್ಲಿ ಮೂರು ಹೆಸರಿನ ಬಾಲ ಕಾಣುತ್ತಿದ್ದವು: ಎಮೋನ್, ಸುಕೆ, ಜಿರೋ. ಯಾವ ಎಮೋನ್, ಯಾರ ಸುಕೆ, ಎಷ್ಟು ಜನ, ಏನೂ ಇಲ್ಲ. ಚೀಟಿಯ ಹಿಂಬದಿ ತಿರುಗಿಸಿದೆ. ಅಂಟಿನ ಗಸಿಯಲ್ಲಿ ಕಪ್ಪು ಕಲೆಗಳಿದ್ದವು, ಓದಲು ಬರುತ್ತಿರಲಿಲ್ಲ.

ನೂರು ವರ್ಷದ ಹಿಂದೆ ಯಾರ ಕೈಗೂ ಸಿಗದಿರಲೆಂದು ಅಷ್ಟು ಬುದ್ಧಿವಂತಿಕೆಯಿಂದ ಸಹಿ ಹಾಕಿದ ಜನ, ಕೊನೆಗೆ ನಮ್ಮ ಕೈಗೆ ಸಿಕ್ಕು ಸತ್ತರು. ನಾನು ಅಲ್ಲಿಯೇ ಕೂತು ಬಿಕ್ಕಿ ಬಿಕ್ಕಿ ಅತ್ತೆ.

ಆರು ಚೀಟಿಗಳನ್ನು ಹಳೆಯ ಪೇಪರಿನ ಮೇಲೆ ಸಂಡಿಗೆ ಹಾಕಿದಂತೆ ಸಾಲಾಗಿ ಒಣಹಾಕಿದ್ದೆ. ಆಗ ಗೈಡ್ ಸಾಹೇಬರು ಒಳಗೆ ಬಂದರು. ಹೋಳಿಗೆ ತುಪ್ಪದ ತೇಗು ಅವರಿಗಿಂತ ಮೊದಲು ಬಂತು. ಕೈಯಲ್ಲಿ ಎಲೆ ಅಡಿಕೆಯ ಚೀಲ. ಜೊತೆಯಲ್ಲಿದ್ದ ನಮ್ಮ ಪ್ರಾಚಾರ್ಯರು ನನ್ನನ್ನು ನೋಡಿ ಬೆಳಗಿದರು.

"ನೋಡ್ರಿ ಸರ್, ನಮ್ಮ ಸ್ಟಾಫು ಊಟಾ ಬಿಟ್ಟು ಲೈಬ್ರರಿಯೊಳಗ ಕೂತಾರ!"

"ಇದನ್ನ ರಿಪೋರ್ಟಿನ್ಯಾಗ ಬರೀಬೇಕು" ಎಂದರು ಗೈಡ್ ಸಾಹೇಬರು. ಪ್ರಾಚಾರ್ಯರನ್ನು ಉಳಿದ ಸದಸ್ಯರ ಕಡೆ ಕಳಿಸಿ ನನ್ನ ಟೇಬಲ್ಲಿಗೆ ಬಂದರು. "ಸಿಕ್ತೇನು? ನಿಮ್ಮಲ್ಲೇ ಇತ್ತಂತಲ್ಲ, ಊರೆಲ್ಲಾ ಯಾಕ ತಿರಗೀದಿ?"

ಅವರ ಕಣ್ಣು ಪೇಪರಿನ ಮೇಲೆ ಬಿತ್ತು.

"ಏನಿವು?"

"ಮೂಲ ಆಕರರೀ ಸರ್" ಎಂದೆ.

ಬಗ್ಗಿ ಒಂದೊಂದೇ ಓದಿದರು. ಕಾಲೇಜಿನ ಹೆಸರು, ತಾರೀಖು, ಹಸಿರು ಸಹಿ. ನಾಲ್ಕನೆಯದನ್ನು ಓದಿದ ಮೇಲೆ ಬಾಗಿಲ ಕಡೆ ನೋಡಿದರು. ಬೈಯುತ್ತಾರೆ ಎಂದುಕೊಂಡೆ. ಬೈದಿದ್ದರೆ ನಾನು ಬದುಕುತ್ತಿದ್ದೆ, ತಿರುಗಿ ಬೈಯಲು ಸಿದ್ಧವಾಗಿದ್ದೆ. ಅವರು ಕುರ್ಚಿ ಎಳೆದುಕೊಂಡು ಕೂತು ನಕ್ಕರು.

"ಬೇಸ್ ಕೆಲಸಾ ಮಾಡೀವಾ ತಂಗಿ." ಎರಡು ವರ್ಷದಲ್ಲಿ ಮೊದಲ ಸಲ ತಂಗಿ ಎಂದಿದ್ದರು. "ಗೈಡ್ ಸಹಿ ಹಾಕೂ ಪ್ರಮಾಣಪತ್ರ, ತಂದೀಯೇನು?"

"ತಂದೀನ್ರಿ" ಎಂದೆ. ವಿಚಾರ ಮಾಡುವ ಮೊದಲೇ ಬಾಯಿ ಹೇಳಿಬಿಟ್ಟಿತ್ತು. ಆರು ತಿಂಗಳಿಂದ ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡು ತಿರುಗುತ್ತಿದ್ದ ಕಾಗದ ಅದು. ತೆಗೆದು ಟೇಬಲ್ಲಿನ ಮೇಲೆ ಇಟ್ಟೆ. ಅವರು ಜೇಬಿನ ಹಸಿರು ಪೆನ್ನಿಗೆ ಕೈ ಹಾಕಿ, ಬಿಟ್ಟು, "ನಿನ್ನ ಪೆನ್ ಕೊಡು" ಎಂದರು. ನೀಲಿ ಶಾಯಿಯಲ್ಲಿ ಸಹಿ ಹಾಕಿದರು. ನಾನು ಕಾಗದಕ್ಕೆ ಕೈ ಚಾಚಿದರೆ ಅವರ ಅಂಗೈ ಅದರ ಮೇಲೇ ಇತ್ತು. ಇನ್ನೊಂದು ಕೈ ಚೀಟಿಗಳ ಕಡೆ ಚಾಚಿತ್ತು.

ಆ ಚೀಟಿಗಳನ್ನು ಯಾರಿಗೆ ಕಳಿಸಬಹುದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಕುಲಪತಿಗಳ ವಿಳಾಸ ಗೊತ್ತಿತ್ತು, ಹುಬ್ಬಳ್ಳಿಯ ಪತ್ರಿಕೆಗಳ ವಿಳಾಸ ಗೊತ್ತಿತ್ತು. ಬರೆದ ಕಾಗದದ ಕೆಳಗೆ ಒಂದೇ ಹೆಸರು ಇರುತ್ತದೆ ಎನ್ನುವುದೂ ಗೊತ್ತಿತ್ತು. ಅಂಥ ಕಾಗದ ಹಿಡಿದು ಎಲ್ಲಿಗೆ ಬರುತ್ತಾರೆ ಎಂದು ನಮ್ಮ ಮನೆಯಲ್ಲಿ ಯಾರಿಗೂ ಹೇಳಿಕೊಡಬೇಕಾಗಿಲ್ಲ. ಎಪ್ಪತ್ತು ಹುಡುಗಿಯರನ್ನು ನೆನೆಸಿಕೊಂಡೆ ಎಂದು ಹೇಳಿದರೆ ಚೆನ್ನಾಗಿ ಕಾಣುತ್ತದೆ, ಆದರೆ ಸುಳ್ಳು. ಜೂನ್ ತಿಂಗಳನ್ನು ನೆನೆಸಿಕೊಂಡೆ. ಆರೂ ಚೀಟಿ ಕೂಡಿಸಿ ಅವರ ಕೈಯಲ್ಲಿಟ್ಟೆ.

ಅವರು ಅವನ್ನು ಮಡಚಿ ಎಲೆ ಅಡಿಕೆಯ ಚೀಲದಲ್ಲಿ, ಸುಣ್ಣದ ಡಬ್ಬಿಯ ಪಕ್ಕ ತುರುಕಿದರು. ಒಂದು ಅಡಿಕೆ ತೆಗೆದು ಬಾಯಿಗೆ ಹಾಕಿಕೊಂಡರು.

"ಆ ಹೆಸರ ಎಣಿಸಿ ತಾ ಅಂದಿದ್ರಿ ಸರ್, ಹೆಸರ ಹೋಗ್ಯಾವ್ರಿ" ಎಂದೆ. ನನ್ನ ಧ್ವನಿ ನನಗೇ ಹೇಸಿಗೆ ಹುಟ್ಟಿಸಿತು. ಇನ್ನೂ ವಿದ್ಯಾರ್ಥಿನಿಯ ಹಾಗೆ ಕೇಳುತ್ತಿದ್ದೆ.

"ಹೋದ್ರ ಹೋಗಲಿ. ಮೂಲದಾಗ ಅಳಿಸಿ ಹೋಗ್ಯಾವ ಅಂತ ಬರಿ. ಅದೂ ಸುಳ್ಳೇನಲ್ಲಲ್ಲ?" ಎಂದು ಎದ್ದು ಹೋದರು.

ಬಾಬಾಸಾಬ ಬಂದು ಬೋಳು ಪುಟ ನೋಡಿ, "ಅಯ್ಯ ಮೇಡಂ, ಚೀಟಿನ ಇಲ್ಲಲ್ರೀ" ಎಂದು ಹೊಸದೊಂದು ಅಂಟಿಸಿದ. ಆ ಚೀಟಿಗೆ ಸಂಜೆಯೊಳಗೆ ಹಸಿರು ಸಹಿಯೂ ಬಿತ್ತು. ಮೂರನೆಯ ದಿನ ಬೀಗರು ಟೆಂಪೋ ಹತ್ತಿದರು.

ಮಾರ್ಚ್ ಇಪ್ಪತ್ತಾರಕ್ಕೆ ಹುಬ್ಬಳ್ಳಿಯಲ್ಲಿ ಜುಲೇಖಾಬಿಯ ಟೈಪಿಂಗ್ ಅಂಗಡಿಯಲ್ಲಿ ಕೂತಿದ್ದೆ. ಆ ಭಾಗದ ಪ್ರಬಂಧಗಳೆಲ್ಲ ಅವಳ ಕೈಯಿಂದಲೇ ಆಗುತ್ತಿದ್ದವು. ಇಂಗ್ಲಿಷ್ ಚೆನ್ನಾಗಿ ಬರುತ್ತಿತ್ತು, ಹೊಡೆಯುತ್ತ ಹೊಡೆಯುತ್ತ ಓದುತ್ತಿದ್ದಳು. ಅಂದಿನವರೆಗೆ ನನ್ನ ಪ್ರಬಂಧವನ್ನು ಓದಿದವಳು ಅವಳೊಬ್ಬಳೇ ಎಂದು ಕಾಣುತ್ತದೆ. ಮೂರನೆಯ ಅಧ್ಯಾಯದ ಕೊನೆಗೆ ಬಂದಾಗ ಅವಳ ಬೆರಳು ನಿಂತವು.

"ಮೇಡಂ, ಇಷ್ಟೊತ್ತನಾ ಆ ಹೆಸರುಗೋಳ ದಾರಿ ಕಾಯ್ಕೋತ ಬಂದೆ ನಾ. ಇಲ್ಲಿ ನೋಡಿದ್ರ ಮೂಲದಲ್ಲಿ ಸಹಿಗಳು ಅಳಿಸಿಹೋಗಿವೆ ಅಂತ ಬರದೀರಿ. ಪಾಪ, ಏನಾತ್ರಿ? ಬೆಂಕಿ ಬಿತ್ತೇನು? ಜಪಾನದಾಗ ಭೂಕಂಪ ಭಾಳ ಅಂತಾರ."

ನಾನು ಹೊರಗೆ ರಸ್ತೆ ನೋಡಿದೆ.

"ಹೌದವಾ, ಭೂಕಂಪ" ಎಂದೆ.

"ಹಂಗಾರ ಅದನ್ನೂ ಹಾಕ್ರಿ. ಓದಿದವರಿಗೆ ತಿಳೀಬೇಕಲ್ಲ?"

"ಹಾಕು" ಎಂದೆ. ಅವಳು ಹಾಕಿದಳು, ಕಾರ್ಬನ್ ಇಟ್ಟು ಒಟ್ಟಿಗೇ ನಾಲ್ಕು ಪ್ರತಿ.